ಹಾರ್ಡ್ ಡಿಸ್ಕ್ ಬರುವವರೆಗೆ

ಮೊದಲು ಕಂಡದ್ದು ನೆಲದ ಮೇಲಿನ ರಕ್ತ. ನಮ್ಮ ಯಜಮಾನರು ಕೊಬ್ಬರಿ ಮನೆಯಿಂದ ಅಡುಗೆಮನೆಗೆ ನಡೆದು ಬಂದ ದಾರಿಯುದ್ದಕ್ಕೂ ಹನಿ ಬಿದ್ದಿತ್ತು. ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ತೆಂಗಿನ ಚಿಪ್ಪಿನ ಚೂರು. ಅವರಿಗೆ ಗೊತ್ತೇ ಆಗಿರಲಿಲ್ಲ. ಹದಿನಾಲ್ಕು ವರ್ಷದ ಶುಗರ್, ಪಾದ ಮರಗಟ್ಟಿತ್ತು. ಕೊಬ್ಬರಿ ರಾಶಿ ಇರುವ ಕಡೆ ಚಪ್ಪಲಿ ಮೆಟ್ಟಬಾರದು ಅನ್ನುವುದು ಬಿಳಿಗೆರೆಯ ನಮ್ಮ ಮನೆಯ ಪದ್ಧತಿ. "ಲಕ್ಷ್ಮಿ ಕಣೇ" ಅನ್ನುತ್ತಿದ್ದರು. ಲಕ್ಷ್ಮಿಯೇನೂ ಬ್ಯಾಂಡೇಜ್ ಸುತ್ತಲಿಲ್ಲ, ನಾನೇ ಸುತ್ತಿದೆ.

ತಿಪಟೂರಿನ ಡಾಕ್ಟರು ಡಯಾಬಿಟಿಕ್ ಫುಟ್ ಅಂದರು. "ದಿನಾ ಬರೋದು ಬೇಡಮ್ಮ. ಬೆಳಗ್ಗೆ ಡ್ರೆಸ್ಸಿಂಗ್ ಬಿಚ್ಚಿದ ತಕ್ಷಣ ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ. ಒಂದು ದಿನಾನೂ ತಪ್ಪಿಸ್ಬೇಡಿ."

ಯಜಮಾನರದು ಬಟನ್ ಫೋನು. ಹಾಗಾಗಿ ನನ್ನದರಲ್ಲೇ ತೆಗೆಯುತ್ತಿದ್ದೆ. ಅವರು ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದರು. ಗಾಯದ ಕಡೆ ಒಮ್ಮೆಯೂ ನೋಡಲಿಲ್ಲ. ಕ್ಲಿಕ್. ಕಳಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಡಾಕ್ಟರ ಉತ್ತರ: ಓಕೆ, ಕಂಟಿನ್ಯೂ.

ಹದಿನೆಂಟನೆಯ ದಿನ ಬೆಳಗ್ಗೆ ಫೋನು ಫೋಟೋ ತೆಗೆಯಲಿಲ್ಲ.

ಸ್ಟೋರೇಜ್ ಫುಲ್.

ಒಳಗೆ ಆರು ವರ್ಷದ ಫೋಟೋಗಳಿದ್ದವು. ಮಗಳ ಮದುವೆ, ಅವಳ ಬಾಣಂತನ, ಕಡೆಯ ದಿನಗಳಲ್ಲಿ ಜಗಲಿಯ ಮೇಲೆ ಕೂತು ನಗುತ್ತಿದ್ದ ನಮ್ಮಮ್ಮ. ಯಾವುದನ್ನು ಅಳಿಸಲಿ? ಬೆರಳು ತಪ್ಪಿ ಅಮ್ಮನೇ ಹೋಗಿಬಿಟ್ಟರೆ? ಚಿಕ್ಕನಾಯಕನಹಳ್ಳಿಯಲ್ಲಿ ಮೇಷ್ಟರಾಗಿರುವ ತಮ್ಮನಿಗೆ ಫೋನ್ ಮಾಡಿದೆ. "ಏನೂ ಮುಟ್ಬೇಡ ಕಣಕ್ಕ. ಭಾನುವಾರ ಹಾರ್ಡ್ ಡಿಸ್ಕ್ ತತ್ತೀನಿ, ಎಲ್ಲಾ ಅದಕ್ಕೆ ಹಾಕ್ಬುಡಾಣ" ಅಂದ. ಅವತ್ತು ಗುರುವಾರ.

ಬುಧವಾರದ ಫೋಟೋವನ್ನೇ ಮತ್ತೆ ಕಳಿಸಿದೆ. ಗಾಯ ಹಾಗೇ ಇದೆಯಲ್ಲ, ಏನು ಮಹಾ ವ್ಯತ್ಯಾಸ ಅನ್ನಿಸಿತು. ಶುಕ್ರವಾರವೂ ಅದನ್ನೇ. ಶನಿವಾರ ಕಿರುಬೆರಳ ಬುಡ ಕಪ್ಪಾದಂತೆ ಕಂಡಿತು. ಆದರೂ ಅದನ್ನೇ ಕಳಿಸಿದೆ. ನಾಳೆ ತಮ್ಮ ಬರುತ್ತಾನಲ್ಲ ಅಂದುಕೊಂಡೆ.

ಓಕೆ, ಕಂಟಿನ್ಯೂ.

ಭಾನುವಾರ ತಮ್ಮ ಬರುವ ಹೊತ್ತಿಗೆ ಯಜಮಾನರು ಚಳಿಜ್ವರದಲ್ಲಿ ನಡುಗುತ್ತಿದ್ದರು. ಹಾರ್ಡ್ ಡಿಸ್ಕ್ ಬ್ಯಾಗಿನಲ್ಲೇ ಉಳಿಯಿತು. ಕಾರು ಮಾಡಿಕೊಂಡು ತುಮಕೂರಿಗೆ ಹೋದೆವು. ಗ್ಯಾಂಗ್ರೀನ್ ಅಂದರು.

ಮೊಣಕಾಲಿನ ಕೆಳಗೆ ತೆಗೆದರು.

ಮನೆಗೆ ಬಂದು ಹನ್ನೆರಡು ದಿನವಾದ ಮೇಲೆ ತಮ್ಮ ಲ್ಯಾಪ್‌ಟಾಪ್ ತಂದು ಮಂಚದ ಪಕ್ಕ ಕೂತ. ಫೋಟೋಗಳು ತಾರೀಕಿನ ಪ್ರಕಾರ ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದವು. ಮದುವೆ ಆಯಿತು, ಬಾಣಂತನ ಆಯಿತು, ಅಮ್ಮ ಬಂದಳು. ಆಮೇಲೆ ಪಾದ. ಪಾದ. ಪಾದ.

"ಇವನ್ನ ಅಳಿಸ್ಲಾ ಭಾವ?" ಅಂದ ತಮ್ಮ.

"ಇರ್ಲಿ ಬುಡಪ್ಪ. ಆ ಕಾಲು ಇನ್ನಿರೋದು ಅಲ್ಲೇ ತಾನೆ."

ಅವರು ಆ ಫೋಟೋಗಳನ್ನು ನೋಡಿದ್ದು ಅದೇ ಮೊದಲು. ಒಂದೊಂದರ ತಾರೀಕನ್ನೂ ಓದಿದರು. ಒಟ್ಟು ಹದಿನೇಳು ಫೋಟೋ. ಬುಧವಾರಕ್ಕೆ ನಿಂತುಹೋಯಿತು. ತಮ್ಮ ಕಾಫಿ ಲೋಟ ಹಿಡಿದು ಹೊರಗೆ ಹೋದಾಗ ಹೇಳಿಬಿಟ್ಟೆ.

"ರೀ, ಆಮೇಲೆ ಮೂರು ದಿನ ನಾನು ಹಳೇ ಫೋಟೋನೇ ಕಳಿಸ್ದೆ. ನಿಮ್ ಕಾಲು ನನ್ನಿಂದ ಹೋಯ್ತು."

ಅವರು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದರು.

"ಗೊತ್ತಿತ್ತು ಕಣೇ. ಮೂರು ದಿನ ಫೋನು ಕ್ಲಿಕ್ ಅನ್ನಲಿಲ್ಲ. ದಿನಾ ಆ ಸದ್ದಿಗೇ ಕಾಯ್ತಾ ಮಲಗಿರ್ತಿದ್ದೆ. ಯಾಕೆ ಅಂತ ಕೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡೋಗಿ ನೀವೆಲ್ಲ ಆಸ್ಪತ್ರೆಗೆ ಸೇರಿಸ್ತೀರಿ ಅಂತ ಹೆದರ್ಕೊಂಡು ಸುಮ್ನಿದ್ದೆ."

ಕೋಪ ಬಂತು. ಬಾಯಿ ಬಿಡಬಾರದಿತ್ತೇ ಈ ಮನುಷ್ಯ? ಆಮೇಲೆ ಅಳು ಬಂತು, ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಮೂರು ದಿನ ಮೊದಲೇ ಹೋಗಿದ್ದರೆ ಬೆರಳಲ್ಲೇ ಮುಗಿಯುತ್ತಿತ್ತೋ ಏನೋ. ಡಾಕ್ಟರನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಶುಗರ್ ಹತೋಟಿಯಲ್ಲಿದೆ, ಹೊಲಿಗೆ ಒಣಗುತ್ತಿದೆ, ಮನುಷ್ಯ ಕಣ್ಣೆದುರಿಗಿದ್ದಾರೆ. ಅಷ್ಟಕ್ಕೆ ಕೈ ಮುಗಿಯುತ್ತೇನೆ.

ಫೋನಿನಲ್ಲಿ ಈಗ ಬೇಕಾದಷ್ಟು ಜಾಗವಿದೆ. ಬೆಳಗ್ಗೆ ಕಟ್ಟು ಬಿಚ್ಚಿ, ಉಳಿದ ಮೋಟುಗಾಲಿನ ಫೋಟೋ ತೆಗೆಯುತ್ತೇನೆ. ಅವರು ಸೂರು ನೋಡುವುದಿಲ್ಲ. ಕ್ಲಿಕ್ ಅಂದ ಕೂಡಲೇ "ತಾ ಇಲ್ಲಿ" ಎಂದು ಕೈ ಚಾಚುತ್ತಾರೆ. ಗಾಯ ನೋಡಿ, ತಾರೀಕು ಓದಿ, ಅವರೇ ಕಳಿಸುತ್ತಾರೆ.