ಕೊಕ್ಕರೆಯ ಕಿವಿ

ಗುಳುಕ್.

ಬೂಟಿನ ದಾರ ಕಟ್ಟುತ್ತಿದ್ದ ಕೊಕ್ಕರೆಯ ಕೈ ಅಲ್ಲೇ ನಿಂತಿತು. "ಬಂಡೆ ಕೆಳಗಿನವನು ಎದ್ದ," ಎಂದ.

"ಎದ್ದರೆ ಏಳಲಿ. ನೀವು ಮೊದಲು ಟೀ ಕುಡೀರಿ. ಆರಿ ಹೋಗ್ತಿದೆ," ಎಂದಳು ಹೆಂಡತಿ. ಅವಳು ಕಿಟಕಿಯ ಬೆಳಕಿಗೆ ಒಂದು ಪುಟ್ಟ ಕೊಕ್ಕೆಯನ್ನು ಹಿಡಿದು, ಅದರ ಕಣ್ಣಿಗೆ ಕೂದಲೆಳೆಯಂಥ ದಾರ ಪೋಣಿಸುತ್ತಿದ್ದಳು.

ಕಿಟಕಿಯಾಚೆಯ ಹೊಳೆಯಲ್ಲಿ, ಬಂಡೆಯ ಕೆಳಗೆ ವಾಸವಿದ್ದ ಮೀನು ನೀರಿನ ಮೇಲಿನ ಹುಳವನ್ನು ಒಳಗೆಳೆದುಕೊಂಡ ಸದ್ದು ಅದು. ಚಿಕ್ಕ ಮೀನು ಚಪ್ಪಾಳೆ ತಟ್ಟಿದಂತೆ ನೀರು ಹಾರಿಸುತ್ತದೆ. ದೊಡ್ಡದು ಬಿಸಿ ಟೀ ಹೀರಿದಷ್ಟೇ ಸದ್ದು ಮಾಡುತ್ತದೆ. "ತುಂಬಿದ ಕೊಡ ತುಳುಕಲ್ಲ, ಸ್ವಾಮಿ" ಎಂದು ಅವನು ಅತಿಥಿಗಳಿಗೆ ಹೇಳುತ್ತಿದ್ದ.

ರಸ್ತೆ ಮುಗಿದ ಮೇಲೆ ದೋಣಿಯಲ್ಲಿ ಅರ್ಧ ದಿನ ಹೋದರೆ ಸಿಗುವ ಮರದ ವಸತಿಗೃಹ ಅದು. ಅಲ್ಲಿಗೆ ಜನ ಬರುವುದು ಒಂದೇ ಆಟಕ್ಕೆ. ಕೊಕ್ಕೆಗೆ ಗರಿ, ನೂಲು ಸುತ್ತಿದ ಸುಳ್ಳುಹುಳವನ್ನು ಉದ್ದನೆಯ ಕೋಲಿನಿಂದ ಬೀಸಿ ನೀರಿನ ಮೇಲೆ ಇಳಿಸುವುದು, ಸಿಕ್ಕ ಮೀನನ್ನು ಮತ್ತೆ ಹೊಳೆಗೇ ಬಿಡುವುದು. ನಲವತ್ತು ವರ್ಷದ ಹಿಂದೆ ಅವನಿಗೆ ಇಲ್ಲಿ ಗೈಡ್ ಕೆಲಸ ಸಿಕ್ಕಿದಾಗ ಹೆಂಡತಿ, "ಹಿಡಿದು ಬಿಡೋಕೆ ಸಂಬಳ ಕೊಡ್ತಾರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಅವಳೂ ಅಲ್ಲಿನ ಬಟ್ಟೆ ಒಗೆಯುವ ಕೋಣೆಗೆ ಸೇರಿಕೊಂಡಳು.

ಉದ್ದ ಕಾಲಿಗೆ ಅಂಟಿದ ಹೆಸರು ಕೊಕ್ಕರೆ. ಎರಡು ವರ್ಷದಿಂದ ಅದು ಇನ್ನೊಂದು ಕಾರಣಕ್ಕೂ ಒಪ್ಪುತ್ತಿತ್ತು. ಈಗ ಅವನು ಏನನ್ನು ನೋಡುವುದಿದ್ದರೂ ತಲೆಯನ್ನು ಪಕ್ಕಕ್ಕೆ ವಾಲಿಸುತ್ತಿದ್ದ. ಕಣ್ಣಿನ ನಡುಭಾಗ ಸವೆದುಹೋಗಿದೆ, ಅಂಚು ಮಾತ್ರ ಉಳಿಯುತ್ತದೆ, ಕನ್ನಡಕದಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರು. ನಡೆಯಲು, ಹೊಳೆ ದಾಟಲು ಆ ಅಂಚು ಸಾಕಿತ್ತು. ಕೊಕ್ಕೆಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಮ್ಯಾನೇಜರ್‌ಗೆ ಗೊತ್ತಾದರೆ ಹೊಳೆ ಬಿಟ್ಟು ಉಗ್ರಾಣದಲ್ಲಿ ಡಬ್ಬಿ ಎಣಿಸಬೇಕಾಗುತ್ತಿತ್ತು. ಅದಕ್ಕೇ ಹೆಂಡತಿ ದಿನಾ ಬೆಳಿಗ್ಗೆ ಹನ್ನೆರಡು ಹುಳಗಳಿಗೆ ತುಂಡು ದಾರ ಪೋಣಿಸಿ, ತುದಿಗೆ ಕುಣಿಕೆ ಹಾಕಿ, ಅವನ ಟೋಪಿಗೆ ಚುಚ್ಚಿ ಕೊಡುತ್ತಿದ್ದಳು. ಕೋಲಿನ ದಾರದ ಕುಣಿಕೆಗೆ ಈ ಕುಣಿಕೆ ಸೇರಿಸಲು ಬೆರಳೇ ಸಾಕು. ಈ ಗುಟ್ಟು ಇಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಆ ವಾರದ ಅತಿಥಿ ನಿವೃತ್ತ ಹೊಲಿಗೆ ಟೀಚರು. ಶಾಲೆಯ ಮೈದಾನದಲ್ಲಿ, ಕೋಲಿನ ದಾರದ ತುದಿಗೆ ಉಣ್ಣೆಯ ಚೂರು ಕಟ್ಟಿ, ಎರಡು ವರ್ಷ ಬೀಸುವುದನ್ನು ಕಲಿತು ಬಂದಿದ್ದರು. ನಾಲ್ಕು ದಿನವಾದರೂ ಒಂದು ಮೀನೂ ಸಿಕ್ಕಿರಲಿಲ್ಲ.

"ಹುಲ್ಲಲ್ಲಿ ನಾನು ಒಂದು ಸಲವೂ ಗುರಿ ತಪ್ಪಿಲ್ಲ, ಗೊತ್ತಾ?"

"ಹುಲ್ಲಲ್ಲಿ ಮೀನೂ ಇರಲಿಲ್ಲವಲ್ಲ, ಟೀಚರಮ್ಮ."

ಐದನೆಯ ದಿನ, ಕೊನೆಯ ದಿನ, ಮಧ್ಯಾಹ್ನ ಗಾಳಿ ನಿಂತಿತು. ಸೊಳ್ಳೆಗಿಂತ ಸಣ್ಣ, ಬೂದಿ ಬಣ್ಣದ ಹುಳಗಳು ನೀರಿನಿಂದ ಹೊಗೆಯಂತೆ ಏಳತೊಡಗಿದವು. ಬಂಡೆಯ ಕೆಳಗಿನವನು ಊಟಕ್ಕೆ ಕುಳಿತ. ಗುಳುಕ್. ಗುಳುಕ್. ಟೋಪಿಯಲ್ಲಿದ್ದವೆಲ್ಲ ಕಂದು ಹುಳಗಳು. ಆ ಮೀನು ಅವನ್ನು ಮೂಸಿಯೂ ನೋಡಲಿಲ್ಲ.

ಬೂದಿ ಬಣ್ಣದ ಸುಳ್ಳುಹುಳ ಡಬ್ಬಿಯಲ್ಲಿತ್ತು, ದಾರ ಪೋಣಿಸದೆ. ಕೊಕ್ಕರೆ ಅತಿಥಿಗೆ ಬೆನ್ನು ಮಾಡಿ ನಿಂತ. ದಾರದ ತುದಿಯನ್ನು ತುಟಿಗೆ ಒತ್ತಿದ. ತಲೆ ವಾಲಿಸಿದ. ಒಂದು ಸಲ, ಎರಡು ಸಲ, ಆರು ಸಲ.

"ಕೊಡಿ ಇಲ್ಲಿ," ಎಂದರು ಟೀಚರು ಹಿಂದಿನಿಂದ. "ಮೂವತ್ತು ವರ್ಷ ಸೂಜಿ ಪೋಣಿಸೋರ ಬೆನ್ನೇ ನೋಡಿದೀನಿ. ಯಾವ ಬೆನ್ನು ಸುಳ್ಳು ಹೇಳತ್ತೆ ಅಂತ ಗೊತ್ತಾಗಲ್ವಾ ನನಗೆ?"

ಅವನ ಕಿವಿ ಕೆಂಪಾಯಿತು. ಕೊಟ್ಟ. ಅವರು ಒಂದೇ ಉಸಿರಿಗೆ ಪೋಣಿಸಿ ಗಂಟು ಹಾಕಿದರು.

"ಎಷ್ಟು ದಿನದಿಂದ?"

"ಎರಡು ವರ್ಷ."

"ಮೀನು ಎಲ್ಲಿದೆ ಅಂತ ನನಗಂತೂ ಕಾಣ್ತಿಲ್ಲ. ನಿಮಗೆ?"

"ಕೇಳ್ತಿದೆ," ಎಂದ ಕೊಕ್ಕರೆ. "ಎಡಕ್ಕೆ ಎರಡು ಮಾರು. ಇನ್ನೊಂಚೂರು ಆಚೆ. ಹಾಂ, ಈಗ ಇಳಿಸಿ, ಮಗು ಮಲಗಿಸಿದ ಹಾಗೆ."

ಗುಳುಕ್.

"ಎತ್ತಿ!"

ಕೋಲು ಬಿಲ್ಲಾಯಿತು. ಟೀಚರು ಕೂಗಿಕೊಂಡರು, ಜಾರಿದರು, ಸೊಂಟದವರೆಗೆ ನೆನೆದರು, ಕೋಲನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಕೊಕ್ಕರೆ ಒದ್ದೆ ಕೈಯಲ್ಲಿ ಮೀನನ್ನು ನೀರಿನಲ್ಲೇ ಹಿಡಿದ. ಮೂರು ಗೇಣಿತ್ತು. ಟೀಚರು ಅದರ ಬೆನ್ನನ್ನು ಒಂದೇ ಒಂದು ಬೆರಳಿನಿಂದ, ಒಳ್ಳೆಯ ಬಟ್ಟೆ ಮುಟ್ಟುವಂತೆ, ಮುಟ್ಟಿದರು. ಆಮೇಲೆ ಅದು ಅವನ ಬೆರಳ ಸಂದಿಯಿಂದ ಹೊರಟುಹೋಯಿತು.

ಊಟದ ಮೇಜಿನಲ್ಲಿ ಟೀಚರಿಗೆ ಖುಷಿ ತಡೆಯಲಾಗಲಿಲ್ಲ. "ಕಣ್ಣಿಗೆ ಕೊಕ್ಕೆ ಕಾಣಲ್ಲ, ಆದರೂ ಬರೀ ಕಿವಿಯಿಂದ ನನಗೆ ಮೀನು ಹಿಡಿಸಿಕೊಟ್ಟರು! ಇಂಥ ಗೈಡ್ ಎಲ್ಲಿ ಸಿಗ್ತಾರೆ ಹೇಳಿ?" ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ಮ್ಯಾನೇಜರ್ ಕೈಯ ಚಮಚ ಅರ್ಧ ದಾರಿಯಲ್ಲಿ ನಿಂತದ್ದನ್ನು ನೋಡಿದ ಮೇಲೆಯೇ ಅವರಿಗೆ ತಾನೇನು ಅಂದೆ ಎಂದು ಹೊಳೆದದ್ದು. ಆಡಿದ ಮಾತು, ಒಡೆದ ಮುತ್ತು.

ಮರುದಿನ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಟೀಚರ ಚೀಲಗಳು ಕಾಯುತ್ತಿದ್ದವು. ಕೋಲನ್ನು ಇನ್ನೂ ಮಡಿಸಿರಲಿಲ್ಲ. ಮ್ಯಾನೇಜರ್ ಕೈಯಲ್ಲಿ ಉಗ್ರಾಣದ ಬೀಗದಕೈ ಇತ್ತು.

"ಕೊಕ್ಕರೆಯಣ್ಣ, ನನಗೇನು ಸಂತೋಷನಾ ಇದು? ನಾಳೆ ಯಾರಾದರೂ ಸೆಳವಿಗೆ ಬಿದ್ದರೆ?"

"ಸೆಳವಿಗೆ ಯಾರನ್ನೂ ಇಳಿಸಲ್ಲ ನಾನು. ದಡದಲ್ಲೇ ನಿಲ್ಲಿಸ್ತೀನಿ."

"ಹುಳ ಪೋಣಿಸೋರು ಯಾರು?"

"ನಾನು," ಎಂದಳು ಹೆಂಡತಿ, ತೋಳಿನ ಮೇಲೆ ಒದ್ದೆ ಚಾದರಗಳ ಹೊರೆಯೊಂದಿಗೆ. "ಇಷ್ಟು ದಿನ ಕಿಟಕಿ ಹತ್ತಿರ ಕೂತು ಪೋಣಿಸಿದೆ. ಇನ್ನು ದಡದಲ್ಲಿ ಕೂತು ಪೋಣಿಸ್ತೀನಿ. ಕೈ ನಂದು, ಕಿವಿ ಅವರದು. ಚಾದರ ಬೇರೆ ಯಾರಾದರೂ ಒಗೀಲಿ."

"ನನ್ನ ಬಾಯಿಗಿಷ್ಟು ಹೊಲಿಗೆ ಹಾಕಬೇಕಿತ್ತು," ಎಂದರು ಟೀಚರು ಅಳುಮುಖದಲ್ಲಿ. "ಆದರೆ ಇವರ ಹೆಂಡತಿ ಹೇಳೋದು ಸರಿ."

ಮ್ಯಾನೇಜರ್ ಬೀಗದಕೈಯನ್ನು ಬೆರಳಲ್ಲಿ ತಿರುಗಿಸಿದ. "ಅಕ್ಕಾ, ಹಾಗೆಲ್ಲ ನಿಂತ ನಿಲುವಲ್ಲೇ ತೀರ್ಮಾನ ಮಾಡೋಕಾಗಲ್ಲ. ಕೊಕ್ಕರೆಯಣ್ಣ, ನೀವೇ ಹೇಳಿ. ಇದನ್ನ ತಗೋತೀರೋ, ಇಲ್ಲ..."

ಗುಳುಕ್.

ಕೊಕ್ಕರೆ ತಲೆ ವಾಲಿಸಿದ. ಕೈ ಚಾಚಿದ, ಬೀಗದಕೈಗಲ್ಲ.

"ಟೀಚರಮ್ಮ, ಆ ಬೂದಿ ಹುಳ ಇನ್ನೂ ಕೋಲಲ್ಲೇ ಇದೆಯಾ?"

"ಇದೆ."

"ದೋಣಿಯವನಿಗೆ ಹತ್ತು ನಿಮಿಷ ಅನ್ನಿ."

"ಅಣ್ಣಾ, ನಾನಿನ್ನೂ ಮಾತಾಡ್ತಾ ಇದೀನಿ," ಎಂದ ಮ್ಯಾನೇಜರ್.

ಅಷ್ಟರಲ್ಲಿ ಕೊಕ್ಕರೆ ಕೋಲು ಹಿಡಿದು, ಬೂಟಿನ ದಾರ ಎಳೆಯುತ್ತ, ಆ ಸದ್ದಿನ ಕಡೆ ದಡದುದ್ದಕ್ಕೂ ನಡೆಯುತ್ತಿದ್ದ. ಹೆಂಡತಿ ಚಾದರದ ಹೊರೆಯನ್ನು ಮ್ಯಾನೇಜರ್ ತೋಳಿಗೆ ಹಾಕಿ, ಗಂಡನ ಹಿಂದೆ ಹೊರಟಳು.