ಅಡುಗೆಯವನು ಮಾಡಿದ್ದಲ್ಲ

ಹೋದ ವಾರ ನಮ್ಮ ಫ್ರಿಜ್ಜಿನ ಸ್ಟೆಬಿಲೈಸರ್ ಒಳಗೇ ಕಾದು ಒಂದು ವಾಸನೆ ಬಿಟ್ಟಿತು. ಪೂರ್ತಿ ಸುಟ್ಟ ವಾಸನೆಯಲ್ಲ. ಬಿಸಿ ತಗಡು, ಕಾದ ಧೂಳು, ಕರಗಿದ ಮೇಣ... ಮೂರೂ ಸೇರಿದ್ದು. ಮನೆಯವರು ಸ್ವಿಚ್ ಆರಿಸಲು ಓಡಿದರು. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಮುಳಬಾಗಿಲಿನ ಭಾನುವಾರದ ಬೆಳಿಗ್ಗೆಗಳದ್ದು. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಕಾಯಲು ಇಟ್ಟು ಹಿತ್ತಿಲಿಗೆ ಹೋಗುತ್ತೇನೆ, ಏಕೆ ಬಂದೆನೆಂದು ಮರೆತು ಅಲ್ಲೇ ಸುತ್ತುತ್ತೇನೆ, ಹಾಲು ಉಕ್ಕಿದ ಮೇಲೆ ಓಡಿ ಬರುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಮುಳಬಾಗಿಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದೆ. ಇಪ್ಪತ್ತೆರಡು ವಯಸ್ಸು, ಕಿವಿಗೆ ಹೆಡ್‌ಫೋನು, ತಲೆ ತುಂಬ ಗತ್ತು. ಟ್ರಂಕ್ ಕಾಲಿನಲ್ಲಿ ಆ ಕಡೆಯವರ ಮಾತು ಈ ಕಡೆಯವರಿಗೆ ಕೇಳದಿದ್ದರೆ ನಾವೇ ನಡುವೆ ನಿಂತು ದಾಟಿಸಬೇಕಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ತಲುಪಿಸುವುದೇ ನನ್ನ ಕಸುಬು. ಸಾವಿನ ಸುದ್ದಿಯಾದರೂ ಸರಿ, ಮಾವಿನಕಾಯಿ ಲೋಡಿನ ಸುದ್ದಿಯಾದರೂ ಸರಿ. ಆ ಕಸುಬನ್ನು ನಾನು ಎಕ್ಸ್‌ಚೇಂಜಿನ ಆಚೆಗೂ ಹೊತ್ತುಕೊಂಡು ತಿರುಗುತ್ತಿದ್ದೆ, ಅದೇ ತಪ್ಪಾಗಿದ್ದು.

ನಾನು ಬಾಡಿಗೆಗಿದ್ದ ವಠಾರದ ಕೊನೆಯ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಹಿಂದಿ ಮೇಡಂ ಇದ್ದರು. ನಲವತ್ತೈದರ ಆಸುಪಾಸು. ಗಂಟಲಲ್ಲಿ ಸದಾ ಸೀಮೆಸುಣ್ಣ ಸಿಕ್ಕಿಕೊಂಡಂಥ ಧ್ವನಿ. ರಸ್ತೆಯಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂತೆ ನಡೆಯುತ್ತಿದ್ದರು. ಗಂಡನ ಮನೆ ಬಿಟ್ಟು ಬಂದವರು. ಏಕೆ ಬಿಟ್ಟರೆಂದು ಯಾರಿಗೂ ಗೊತ್ತಿರಲಿಲ್ಲ, ಬಿಟ್ಟಿದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಷ್ಟಕ್ಕೇ ನಮ್ಮ ಬೀದಿಯವರು ಅವರನ್ನು ಹಬ್ಬಕ್ಕೆ, ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಮನೆ ಮನೆಗೂ ಹೋಗಿ ಕರೆಯುವವರು ಅವರ ಬಾಗಿಲ ಮುಂದೆ ಬಂದಾಗ ಮಾತ್ರ ಏನೋ ನೆನಪಾದವರಂತೆ ಸರಸರ ನಡೆದುಬಿಡುತ್ತಿದ್ದರು.

ಅವರಿಗೆ ಒಂದು ಮನೆಯ ಬಾಗಿಲು ತೆರೆಸಿದ್ದು ಟೀವಿ. ನಂಗಲಿಯ ಕಡೆಯಿಂದ ಬಂದು ನೆಲೆಸಿದ್ದ ಲಾರಿ ಮಾಲೀಕರೊಬ್ಬರು ನಮ್ಮ ಬೀದಿಗೆಲ್ಲ ಮೊದಲು ಟೀವಿ ತಂದರು. ಮರದ ಶಟರಿನ ಪೆಟ್ಟಿಗೆ, ಕೆಳಗೆ ಗುಂಯ್‌ಗುಡುತ್ತ ಕಾದು ವಾಸನೆ ಬಿಡುವ ಸ್ಟೆಬಿಲೈಸರ್, ಮಾಳಿಗೆಯ ಮೇಲೆ ಎರಡಾಳೆತ್ತರದ ಆಂಟೆನಾ ಕಂಬ. ಭಾನುವಾರ ಬೆಳಿಗ್ಗೆ ಒಂದು ಹಿಂದಿ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬ ಕೊಲೆಗಾರರನ್ನು ಹಿಡಿಯುವ ಕಥೆ. ಅಲ್ಲಿ ಕೂತವರಲ್ಲಿ ಒಬ್ಬರಿಗೂ ಹಿಂದಿ ಬಾರದು. ಮನೆಯ ಅಜ್ಜಿಗಂತೂ ಕನ್ನಡವೂ ಅಷ್ಟಕ್ಕಷ್ಟೇ, ಎಲ್ಲ ತೆಲುಗು. ಎರಡು ವಾರ ಬೊಂಬೆಯಾಟ ನೋಡಿದಂತೆ ನೋಡಿ ಸಾಕಾಗಿ, ಮೂರನೇ ವಾರ ಮಾಲೀಕರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ತಾವೇ ಹೋಗಿ ಮೇಡಂ ಅವರನ್ನು ಕರೆತಂದರು. ಟೀವಿಯ ಪಕ್ಕ ಒಂದು ಕುರ್ಚಿ ಹಾಕಿದರು. ಮುಳಬಾಗಿಲಿನಲ್ಲಿ ಆ ಹೆಂಗಸನ್ನು ಕರೆದು ಕೂರಿಸಿದ್ದು ಅದೊಂದೇ ಕುರ್ಚಿ.

ಎಂಥ ವೈಭವ ಅದು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರ್ಧ ತೆರೆಗೆ ಅರ್ಧ ನಮಗೆ ಮುಖ ಮಾಡಿ ಕೂರುತ್ತಿದ್ದರು. ಆಚೆ ಪಾತ್ರದ ಬಾಯಿ ಮುಚ್ಚುವುದರೊಳಗೆ ಈಚೆ ಕನ್ನಡ ಮುಗಿದಿರುತ್ತಿತ್ತು. ಸಾಹುಕಾರನಿಗೆ ಒಂದು ಗಂಟಲು, ಇನ್ಸ್‌ಪೆಕ್ಟರಿಗೆ ಇನ್ನೊಂದು. ಅಜ್ಜಿ ನಡುನಡುವೆ “ಎವರಮ್ಮಾ ಚಂಪಿನೋಡು?” ಎಂದು ಕೊಂದವನನ್ನು ವಿಚಾರಿಸಿದರೆ, “ಆಗು ಅವ್ವಾ, ಚೆಪ್ತಾನು”, ತಾಳು ಹೇಳ್ತೀನಿ, ಎಂದು ತೆಲುಗಿನಲ್ಲೇ ಸಮಾಧಾನ ಹೇಳುತ್ತಿದ್ದರು. ನಡುವೆ ಹಲ್ಲುಪುಡಿಯ ಜಾಹೀರಾತು ಬಂದಾಗ ಕೊಲೆಗಾರ ಯಾರೆಂದು ಒಬ್ಬೊಬ್ಬರೂ ಊಹಿಸಬೇಕು. ಆ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದ ಮುನಿಯಮ್ಮ ಹೊಸ್ತಿಲ ಮೇಲೆ ಕಾಲಿಟ್ಟುಕೊಂಡು ಜಗುಲಿಯಲ್ಲಿ ಕೂತು, ಪ್ರತಿ ವಾರ ಒಂದೇ ಉತ್ತರ ಕೊಡುತ್ತಿದ್ದಳು: “ಯಾರೋ ದೊಡ್ಡೋರೇ ಬುಡಿ!”

ಮೊದಲ ಸುತ್ತಿನ ಧಾರಾವಾಹಿ ನಿಜಕ್ಕೂ ಚೆನ್ನಾಗಿತ್ತು. ಕೊಲೆಗೊಂದು ಕಾರಣ, ಕಾರಣಕ್ಕೊಂದು ಹಿನ್ನೆಲೆ, ಸಿಕ್ಕಿಬಿದ್ದವನ ಮೇಲೂ ಅಯ್ಯೋ ಅನ್ನಿಸುವಂತಿತ್ತು. ಅದು ಮುಗಿದು, ಆರೇಳು ತಿಂಗಳು ಬಿಟ್ಟು ಮತ್ತೆ ಶುರುವಾಯಿತು. ಅದೇ ಪೋಸ್ಟ್‌ಮಾಸ್ಟರ್, ಆದರೆ ಹೊಟ್ಟೆ ಬಂದಿತ್ತು. ನೋಡುನೋಡುತ್ತ ಹೊಸ ಸುತ್ತೂ ಬೆಳೆಯಿತು. ನಮ್ಮ ಬೀದಿಯವರ ಪ್ರಕಾರ ಅದು ಹಳೆಯದಕ್ಕಿಂತ ಸೊಗಸು. ಕೋಲಾರದಿಂದ ಬಂದಿದ್ದ ನೆಂಟರೊಬ್ಬರು “ಏನ್ರೀ ಅದು, ಈಚೆಗೆ ಬರೀ ಬೋರು” ಎಂದಾಗ ಅಕ್ಕ ಅವರನ್ನು ಕನಿಕರದಿಂದ ನೋಡಿದರು. ಹಿಂದಿ ಅರ್ಥವಾಗದೆ ಏನೋ ಹೇಳುತ್ತಿದ್ದಾರೆ, ಪಾಪ, ಎಂದುಕೊಂಡೆವು.

ಅಷ್ಟರಲ್ಲಿ ನಾನು ಇಲಾಖೆಯ ಹಿಂದಿ ಪರೀಕ್ಷೆಗೆ ಕಟ್ಟಿದ್ದೆ. ಪಾಠ ಹೇಳಿಕೊಟ್ಟವರು ಅದೇ ಮೇಡಂ. ಡ್ಯೂಟಿಗೆ ಹೋಗುವ ಮುಂಚೆ ದಿನಾ ಒಂದು ಗಂಟೆ. ಹುರಿದ ಕಡಲೇಕಾಯಿ ಮುಂದಿಟ್ಟು, ತಪ್ಪು ಮಾಡಿದಾಗಲೆಲ್ಲ ಒಂದು ಕಾಯಿ ನನ್ನ ಪಾಲಿನಿಂದ ತೆಗೆದು ತಿನ್ನುತ್ತಿದ್ದರು. ನನ್ನ ಕೈಗೆ ಕಾಯಿ ಉಳಿಯತೊಡಗಿದ ಹಾಗೆ ಭಾನುವಾರಗಳಲ್ಲಿ ಏನೋ ಇರುಸುಮುರುಸು ಶುರುವಾಯಿತು. ತೆರೆಯ ಮೇಲಿನವರು ಒಂದು ಹೇಳುತ್ತಿದ್ದರು, ಮೇಡಂ ಇನ್ನೊಂದು ಹೇಳುತ್ತಿದ್ದರು. ಮೊದಮೊದಲು ನನ್ನ ಹಿಂದಿಯೇ ಸಾಲದು ಎಂದುಕೊಂಡೆ. ಆಮೇಲೆ ಖಾತ್ರಿಯಾಯಿತು. ಹೊಸ ಸುತ್ತಿನಲ್ಲಿ ಬರೆಯುವವರಿಗೆ ಸರಕು ಮುಗಿದಿತ್ತು. ವಾರ ವಾರವೂ ಅಡುಗೆಯವನೋ, ತೋಟದ ಮಾಲಿಯೋ, ಆಯಾಳೋ ಕೊಲೆ ಮಾಡುತ್ತಿದ್ದರು. ಕಾರಣ ಒಂದೇ, ದುರಾಸೆ. ಮೇಡಂ ಬಾಯಲ್ಲಿ ಮಾತ್ರ ಕೊಲೆ ಮಾಡಿದವನು ಸಾಹುಕಾರನ ಅಳಿಯ, ಪಾಲುದಾರ, ಡಾಕ್ಟರು...

ಬೇಡಿ ಬೀಳುವುದು ಅಡುಗೆಯವನ ಕೈಗೇ ಅಲ್ಲವೇ, ಅದನ್ನು ಎಲ್ಲರೂ ನೋಡುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಅವರ ಹತ್ತಿರ ಉಪಾಯವಿತ್ತು. “ಬೇಡಿ ಹಾಕ್ತಿರೋದು ಸುಮ್ನೆ. ನಿಜವಾದ ಕೊಲೆಗಾರನಿಗೆ ಅನುಮಾನ ಬರಬಾರದಲ್ಲ, ಅದಕ್ಕೆ. ಹೊರಗೆ ಜೀಪಲ್ಲಿ ಬಿಚ್ತಾರೆ” ಎನ್ನುತ್ತಿದ್ದರು. ಜೀಪು ಹೊರಟ ಮೇಲೆ ತೆರೆಯಲ್ಲಿ ನಟರ ಹೆಸರುಗಳು ಬರುತ್ತಿದ್ದವು. ಬಿಚ್ಚಿದ ಬೇಡಿಯನ್ನು ನಾವೆಲ್ಲ ಮನಸ್ಸಿನಲ್ಲೇ ನೋಡಿಕೊಂಡು ಎದ್ದು ಹೋಗುತ್ತಿದ್ದೆವು.

ಇದು ಶುರುವಾಗಿದ್ದು ಯಾವಾಗ ಎಂದು ಆಗ ನಾನು ಯೋಚಿಸಲಿಲ್ಲ. ಈಗ ಚೆನ್ನಾಗಿ ಗೊತ್ತು. ಹೊಸ ಸುತ್ತಿನ ಮೊದಲ ವಾರ ಆಯಾ ಕೊಂದಿದ್ದಳು, ಮೇಡಂ ಇದ್ದದ್ದನ್ನು ಇದ್ದಂತೆಯೇ ಹೇಳಿದ್ದರು. ಆಗ ಅಕ್ಕ ತಮಾಷೆಗೆ “ಕೇಳಿಸ್ತೇನೇ ಮುನಿಯಮ್ಮಾ? ನಿನ್ನ ಮೇಲೂ ಒಂದು ಕಣ್ಣಿಟ್ಟಿರಬೇಕು ಕಣೇ” ಎಂದರು. ಎಲ್ಲರೂ ನಕ್ಕರು, ಮುನಿಯಮ್ಮನೂ ನಕ್ಕಳು. ನಗುತ್ತಲೇ ಹೊಸ್ತಿಲ ಮೇಲಿದ್ದ ಕಾಲನ್ನು ಆಚೆಗೆ ಎಳೆದುಕೊಂಡಳು. ಮುಂದಿನ ವಾರದಿಂದ ಕೊಲೆಗಾರರು ಬದಲಾದರು.

ನನ್ನ ಪರೀಕ್ಷೆಯ ಫಲಿತಾಂಶ ಬಂದ ವಾರ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಆ ಭಾನುವಾರ ತೆರೆಯ ಮೇಲೆ ಅಡುಗೆಯವನು ಅಳುತ್ತ ಕೈಮುಗಿದು ನಿಂತಿದ್ದ. “ಯಜಮಾನರ ಮಗನನ್ನ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಳ್ತಿದ್ದಾನೆ” ಎಂದರು ಮೇಡಂ. “ಎತ್ತಿ ಆಡಿಸಿದ ಮಗು ಅಲ್ವಾ?” ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಬಾಯಿ ತುರಿಸುತ್ತಿತ್ತು ಎಂದರೆ ಸರಿ.

“ಅವನು ಹಾಗೆ ಹೇಳ್ಲೇ ಇಲ್ಲ ಮೇಡಂ. ಆಸೆಗೆ ಬಿದ್ದು ನಾನೇ ವಿಷ ಹಾಕ್ದೆ ಅಂದ. ಹೋದ ವಾರನೂ ಅಷ್ಟೆ, ಮಾಲೀನೇ ಕೊಂದಿದ್ದು. ಎಲ್ಲಾ ವಾರನೂ ಕೆಲಸದವ್ರೇ.”

ಅಕ್ಕ ಮೇಡಂ ಕಡೆ ತಿರುಗಿ, “ಅಂದ್ರೆ ಇಷ್ಟು ದಿನ ನಮ್ಮ ಕಿವಿಗೆ ಹೂವಿಟ್ರಾ?” ಎಂದರು. ಮೇಡಂ ಎದ್ದು ನಿಂತರು. ನನ್ನನ್ನು ನೋಡಲಿಲ್ಲ. “ಕಥೆ ಚೆನ್ನಾಗಿರಲಿಲ್ಲಮ್ಮ” ಎಂದಷ್ಟೇ ಹೇಳಿ, ಅಜ್ಜಿಯ ಪಾದ ಮುಟ್ಟಿ, ಚಪ್ಪಲಿ ಹಾಕಿಕೊಂಡು ಹೋದರು. ಅಕ್ಕ ಆ ಕುರ್ಚಿಗೆ ನನ್ನನ್ನು ಕೂರಿಸಿದರು. ನಾಚಿಕೆ ಇಲ್ಲದೆ ಕೂತೆ.

ನಾಲ್ಕು ವಾರ ಅಕ್ಷರ ಬಿಡದೆ ಅನುವಾದಿಸಿದೆ. ಮಾಲಿ, ಡ್ರೈವರ್, ಮತ್ತೆ ಅಡುಗೆಯವನು, ಮತ್ತೆ ಆಯಾ. ಜನ ಆಕಳಿಸತೊಡಗಿದರು. ಊಹಿಸುವ ಆಟ ನಿಂತುಹೋಯಿತು, ಊಹಿಸಲು ಏನಿತ್ತು? ಐದನೇ ಭಾನುವಾರ ಅಕ್ಕ ಎಣ್ಣೆಸ್ನಾನ ಮಾಡಿ ಬಂದು ನೋಡಿದರೆ ಒಂದು ಕಿವಿಯ ಓಲೆ ಇಲ್ಲ. ಮನೆಯೆಲ್ಲ ಹುಡುಕಿದರು. ಆಮೇಲೆ ಎಲ್ಲರ ಕಣ್ಣೂ ಜಗುಲಿಯ ಕಡೆ ಹೋಯಿತು. “ಟೀವೀಲೇ ತೋರಿಸ್ತಾರಲ್ಲ, ನಂಬಿದೋರೇ ಮಾಡೋದು” ಎಂದರು ಯಾರೋ. ಮುನಿಯಮ್ಮನಿಂದ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿಸಿದರು. ಸೆರಗಿನ ಗಂಟು ಬಿಚ್ಚಿಸಿದರು. ಸೀರೆ ಕೊಡವಿಸಿದರು. ಅವಳು “ಅಮ್ಮಾವ್ರೇ, ನಾನಲ್ಲ ಅಮ್ಮಾವ್ರೇ” ಎನ್ನುತ್ತಲೇ ಇದ್ದಳು. ಒಂದು ತಪ್ಪು ಮಾತನ್ನೂ ತಿದ್ದದೆ ಬಿಡದ ನಾನು ಆಗ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಗಲಾಟೆ ಕೇಳಿ ಬಂದವರು ಮೇಡಂ. ಕರೆಯದೆ ಆ ಮನೆಗೆ ಅವರು ಕಾಲಿಟ್ಟಿದ್ದು ಅದೊಂದೇ ಸಲ. ನೆಲದ ಮೇಲೆ ಬಿದ್ದಿದ್ದ ಎಲೆಅಡಿಕೆ ಒಂದೊಂದಾಗಿ ಆಯ್ದು ಚೀಲಕ್ಕೆ ತುಂಬಿದರು. ಮುನಿಯಮ್ಮನ ತೋಳು ಹಿಡಿದು ಎಬ್ಬಿಸಿದರು. ಹೋಗುವಾಗ ನನ್ನ ಮುಂದೆ ಒಂದು ಗಳಿಗೆ ನಿಂತು, “ನೀನು ಹೇಳಿದ್ರಲ್ಲಿ ಏನೂ ತಪ್ಪಿಲ್ಲ ಕಣೇ. ನಾನೂ ನಿನಗೆ ಸರಿಯಾಗೇ ಕಲಿಸಿದ್ದೆ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ದಿನದ ಮೇಲೆ ಅರಿಶಿನದ ಭರಣಿಯ ತಳದಲ್ಲಿ ಓಲೆ ಸಿಕ್ಕಿತು. ಸ್ನಾನಕ್ಕೆ ಹೋಗುವ ಮುಂಚೆ ಅಕ್ಕನ ಕೈಯಿಂದಲೇ ಜಾರಿತ್ತು. ಮುನಿಯಮ್ಮನಿಗೆ ಹೇಳಿ ಕಳಿಸಿದರೂ ಅವಳು ಆ ಬೀದಿಗೆ ಮತ್ತೆ ಬರಲಿಲ್ಲ. ಮೇಡಂ ಆ ವರ್ಷ ಮುಗಿಯುವುದರೊಳಗೆ ಶ್ರೀನಿವಾಸಪುರದ ಕಡೆಗೆ ವರ್ಗ ಮಾಡಿಸಿಕೊಂಡರು. ಸಾಮಾನು ಸಾಗಿಸಿದ ದಿನ ನಾನು ಬೇಕೆಂದೇ ಡಬಲ್ ಡ್ಯೂಟಿ ಹಾಕಿಸಿಕೊಂಡಿದ್ದೆ. ಆಮೇಲೊಮ್ಮೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಿಟಕಿಯ ಸೀಟಿನಲ್ಲಿ ನೋಡಿದೆ. ಬಸ್ಸು ಐದು ನಿಮಿಷ ನಿಂತಿತ್ತು. ಕಂಬದ ಮರೆಯಲ್ಲಿ ನಿಂತು, ಈಗ ಹೋಗೋಣ, ಈಗ ಹೋಗೋಣ ಎಂದುಕೊಳ್ಳುತ್ತಿದ್ದೆ... ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ನನಗೆ ಸುದ್ದಿ ತಿಳಿಯಿತು.

ಮೊನ್ನೆ ತಳಮಳ ತಡೆಯದೆ ಫೋನಿನಲ್ಲಿ ಆ ಧಾರಾವಾಹಿ ಹುಡುಕಿದೆ, ಸಿಕ್ಕಿತು. ಎರಡನೇ ಸುತ್ತಿನ ಕಂತುಗಳನ್ನು ಒಂದರ ಹಿಂದೆ ಒಂದು ನೋಡಿದೆ. ಎಲ್ಲಾದರೂ ಒಂದು ಕಡೆ ನಾನೇ ತಪ್ಪು ಕೇಳಿಸಿಕೊಂಡಿದ್ದೆ ಎಂದು ಗೊತ್ತಾದರೆ ಸಾಕಿತ್ತು. ಇಲ್ಲ, ನಾನು ಹೇಳಿದ್ದೆಲ್ಲ ಸರಿಯಾಗಿತ್ತು. ಹಾಳು ಧಾರಾವಾಹಿ, ಒಂದು ಕಂತಿನಲ್ಲೂ ಹುರುಳಿಲ್ಲ. ನಾವು ಅಷ್ಟು ತಿಂಗಳು ಬಾಯಿ ಬಿಟ್ಟುಕೊಂಡು ನೋಡಿದ ಕಥೆಗಳು ಯಾವ ಫೋನಿನಲ್ಲೂ ಸಿಗುವುದಿಲ್ಲ. ಅವು ಆ ಹೆಂಗಸಿನ ಜೊತೆಗೇ ಹೋದವು.

ನೆಲ ಒರೆಸುತ್ತಿದ್ದ ನಮ್ಮ ಕೆಲಸದಾಕೆ ಬಟ್ಟೆ ಹಿಂಡುತ್ತ ಬಂದು ನನ್ನ ಹಿಂದೆ ನಿಂತಳು. ತೆರೆಯ ಮೇಲೆ ಅಡುಗೆಯವನ ಕೈಗೆ ಬೇಡಿ ಬೀಳುತ್ತಿತ್ತು. “ಅವನೇನಾಮ್ಮಾ ಮಾಡಿದ್ದು?” ಎಂದು ಕೇಳಿದಳು. “ಅವನಲ್ಲ” ಎಂದೆ. “ಮತ್ತೆ ಯಾಕಮ್ಮಾ ಹಿಡ್ಕೊಂಡು ಹೋಗ್ತಾವ್ರೆ?” ನಾನು ಬಾಯಿ ತೆರೆದೆ. ಮೇಡಂ ಆಗಿದ್ದರೆ ಅಷ್ಟರಲ್ಲಿ ಬೇಡಿ ಬಿಚ್ಚಿಸಿರುತ್ತಿದ್ದರು. ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.