ಬೆಂಗಳೂರು ಸುತ್ತಿ ಬಂದ ಸುದ್ದಿ

೧೯೮೮ರ ಮಳೆಗಾಲ. ಆಗ ನಾನು ಬಾಂದ್ರಾದಲ್ಲಿ ಒಂದು ಸರಕು ಸಾಗಣೆ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಆಪರೇಟರ್ ಆಗಿದ್ದೆ. ಮನೆ ಆಂಟಾಪ್ ಹಿಲ್‌ನಲ್ಲಿ. ಕಂಪ್ಯೂಟರ್ ಅಂದರೆ ಮೇಜಿನ ಮೇಲೆ ಕೂರುವಂಥದ್ದಲ್ಲ, ಒಂದು ಕೋಣೆಯೇ ಅದರದು. ಅದಕ್ಕೆ ಎ.ಸಿ., ನಮಗೆ ಸ್ವೆಟರ್. ಪುಣೆ, ಬೆಂಗಳೂರು, ಹುಬ್ಬಳ್ಳಿ ಶಾಖೆಗಳು ಟೆಲಿಫೋನ್ ಲೈನ್ ಮೂಲಕ ಅದಕ್ಕೆ ಜೋಡಣೆಯಾಗಿದ್ದವು. ಯಾವ ಊರಿನ ಲೈನ್ ಶುರು ಮಾಡಬೇಕು, ಯಾವುದನ್ನು ನಿಲ್ಲಿಸಬೇಕು, ಯಾರ ಸಂದೇಶ ಯಾವ ದಾರಿ ಹಿಡಿಯಬೇಕು ಅಂತ ಕನ್ಸೋಲ್ ಅನ್ನುವ ಪರದೆಯ ಮುಂದೆ ಕೂತು ಕಮಾಂಡ್ ಕೊಡುವುದು ನನ್ನ ಕೆಲಸ. ಮನೆಯಲ್ಲಿ ನನ್ನ ಮಾತು ಯಾರೂ ಕೇಳದಿದ್ದರೂ ಊರೂರುಗಳು ಕೇಳುತ್ತಿದ್ದವು.

ಆ ವಾರ ಹುಬ್ಬಳ್ಳಿಯಿಂದ ಅಪ್ಪ ಬರುವವರಿದ್ದರು. ಎರಡೂ ಕಣ್ಣಿಗೆ ಪೊರೆ. ಸಯನ್ ಆಸ್ಪತ್ರೆಯಲ್ಲಿ ಆಪರೇಷನ್ ಗೊತ್ತುಮಾಡಿದ್ದೆವು. ಸಕ್ಕರೆ ಕಾಯಿಲೆ ಬೇರೆ, ಮೀರಜ್‌ನಲ್ಲಿ ಗಾಡಿ ಬದಲಿಸಬೇಕು, ಯಾರನ್ನಾದರೂ ಜೊತೆಗೆ ಕರೆತನ್ನಿ ಅಂದರೆ ಕೇಳಲಿಲ್ಲ. ಹಟಕ್ಕೆ ಬಿದ್ದರೆ ನಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು.

ಬೆಳಿಗ್ಗೆ ನಾನು ಮತ್ತು ನನ್ನ ಗಂಡ ದಾದರ್ ಸ್ಟೇಷನ್ನಿಗೆ ಹೋದರೆ ಗಾಡಿಯೇ ಇಲ್ಲ. ಘಾಟ್‌ನಲ್ಲಿ ಗುಡ್ಡ ಕುಸಿದಿದೆ, ಗಾಡಿಗಳು ಎಲ್ಲೆಲ್ಲೋ ನಿಂತಿವೆ ಅಂದರು. ಯಾವುದು ಎಲ್ಲಿ ಅಂತ ಹೇಳುವವರಿಲ್ಲ. ಕಣ್ಣು ಕಾಣದ ಅಪ್ಪ ಕತ್ತಲ ಬೋಗಿಯಲ್ಲಿ ಔಷಧಿ, ಊಟ ಇಲ್ಲದೆ ಕೂತಿದ್ದಾರೆ ಅನ್ನುವ ಚಿತ್ರವೇ ನನ್ನ ಕಣ್ಣ ಮುಂದೆ.

"ಹತ್ತಿದ್ದಾರೆ ಅಂತ ಖಾತ್ರಿಯಾದರೆ ಈಗಲೇ ಟ್ಯಾಕ್ಸಿ ಮಾಡಿಕೊಂಡು ಹುಡುಕೋಕೆ ಹೊರಡ್ತೀನಿ. ಹತ್ತಿದ್ದಾರೋ ಇಲ್ಲವೋ ಅದು ಗೊತ್ತಾಗಬೇಕಲ್ಲ" ಅಂದರು ನಮ್ಮವರು.

ಅಪ್ಪನ ಮನೆಯಲ್ಲಿ ಫೋನಿಲ್ಲ. ನಮ್ಮ ಹುಬ್ಬಳ್ಳಿ ಶಾಖೆಯ ಆಪರೇಟರ್ ಬಸವರಾಜ ಸೈಕಲ್ಲಿನಲ್ಲಿ ಹೋಗಿ ನೋಡಿ ಬರಬಲ್ಲ. ನಮ್ಮವರನ್ನು ಆಫೀಸಿನ ಕೆಳಗೆ ನಿಲ್ಲಿಸಿ ಮೇಲೆ ಓಡಿದೆ. ನೋಡಿದರೆ ಹುಬ್ಬಳ್ಳಿ ಲೈನ್ ಸತ್ತಿತ್ತು. ಎಷ್ಟು ಸಲ ಶುರು ಮಾಡಿದರೂ ಮಿಸುಕಲಿಲ್ಲ.

ಬೆಂಗಳೂರಿನ ಆಪರೇಟರ್ ವಿಶಾಲಾಕ್ಷಿಗೆ ಸಂದೇಶ ಕಳಿಸಿದೆ. ಆಕೆಯನ್ನು ನಾನು ನೋಡಿದವಳಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದೆವು. ನಮ್ಮ ಮೇಲಧಿಕಾರಿ ದೇಶಪಾಂಡೆ ಸಾಹೇಬರು ಅದನ್ನು ನೋಡಿ, "ಯೇ ಕೌನ್ಸಾ ಕೋಡ್ ಹೈ ಬಾಯಿ?" ಇದ್ಯಾವ ಗುಪ್ತ ಭಾಷೆ ಅಂತ ಹಿಂದಿಯಲ್ಲಿ ಕಾಡಿಸುತ್ತಿದ್ದರು.

"ಹುಬ್ಬಳ್ಳಿ ಆಫೀಸ್ ಫೋನೂ ಸತ್ತಿದೆ ಕಣ್ರೀ" ಅಂತ ವಿಶಾಲಾಕ್ಷಿ ಉತ್ತರ ಬರೆದಳು.

ಉಳಿದದ್ದು ಒಂದೇ ದಾರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ಬದಲಿ ಲೈನ್ ಇತ್ತು. ಆದರೆ ಆ ದಾರಿ ತೆರೆಯಬೇಕಾದರೆ ಬೆಂಗಳೂರಿನ ಲೈನನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಅಲ್ಲಿ ಯಾರು ಏನು ಟೈಪ್ ಮಾಡುತ್ತಿದ್ದರೂ ಅರ್ಧಕ್ಕೇ ಹೋಗಿಬಿಡುತ್ತದೆ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಅದನ್ನು ಮುಟ್ಟುವಂತಿಲ್ಲ. ಅಂದು ಬೇರೆ ತಿಂಗಳ ಕೊನೆ, ಬಿಲ್ಲುಗಳ ಗಡಿಬಿಡಿ.

ದೇಶಪಾಂಡೆ ಸಾಹೇಬರಿಗೆ ಹೇಳಿದೆ. ಅವರು "ಉನ್ಹೀ ಸೇ ಪೂಛೋ. ವೋ ಲೋಗ್ ಹಾ ಬೋಲೇ ತೋ ಕರೇಂಗೆ" ಅಂದರು. ಅವರು ಒಪ್ಪಿದರೆ ಮಾತ್ರ ಮಾಡೋಣ ಅಂತ. ಬೆಂಗಳೂರಿನವರನ್ನೇ ಕೇಳಿದೆ. ಉತ್ತರ ಬರುವವರೆಗೆ ಕನ್ಸೋಲನ್ನೇ ನುಂಗುವ ಹಾಗೆ ನೋಡುತ್ತ ಕೂತೆ.

"ಎಲ್ಲರಿಗೂ ಹೇಳಿದೆ. ಮಾಡಿದಷ್ಟು ಸೇವ್ ಮಾಡಿ ಕೈ ಕಟ್ಟಿ ಕೂತಿದಾರೆ. ಮ್ಯಾನೇಜರೂ ಕೂತಿದಾರೆ. ನಿಲ್ಲಿಸಿ ಮೇಡಂ."

ನಾನು ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಸಾಹೇಬರು "ಉಠೋ ಬಾಯಿ" ಎಂದು ನನ್ನನ್ನು ಎಬ್ಬಿಸಿ ತಾವೇ ಕೂತು ತಮ್ಮ ಗುರುತು ಹಾಕಿದರು. ಕೊಟ್ಟ ಪ್ರತಿ ಕಮಾಂಡ್ ಜೊತೆಗೆ ಕೊಟ್ಟವರ ಗುರುತೂ ಅಚ್ಚಾಗುತ್ತಿತ್ತು. ನಾಳೆ ಯಾರಾದರೂ ಕೇಳಿದರೆ ನನ್ನ ತಲೆಗೆ ಬರಬಾರದು ಅಂತ ಹಾಗೆ ಮಾಡಿದರೆಂದು ಆಮೇಲೆ ಹೊಳೆಯಿತು. ಬೆಂಗಳೂರು ನಿಲ್ಲಿಸಿದರು, ದಾರಿ ಬದಲಿಸಿದರು, ಮತ್ತೆ ಶುರು ಮಾಡಿದರು. ಹುಬ್ಬಳ್ಳಿ ಎದ್ದಿತು.

ನನ್ನ ಸಂದೇಶ ಓದಿದ ಬಸವರಾಜ "ಈಗ ಹೋಗಿ ಬರ್ತೀನ್ರೀ ಅಕ್ಕಾರ" ಅಂದವನ ಸುದ್ದಿಯೇ ಇಲ್ಲ. ಕಾಯುತ್ತ ಅಪ್ಪನನ್ನು ಮನಸ್ಸಿನಲ್ಲೇ ಬೈದೆ, ಬೈದದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಿದೆ, ಮತ್ತೆ ಬೈದೆ.

ಕೊನೆಗೆ ಬಂತು:

"ಅಕ್ಕಾರ, ಅಪ್ಪಾರು ಸಿಕ್ಕಾರ್ರೀ. ಗಾಡಿ ತಡಾ ಅಂತ ಸ್ಟೇಷನ್ನಿಂದ ಮನೀಗೆ ಹೊಳ್ಳಿ ಬಂದಿದ್ರಂತ. ಸೈಕಲ್ ಮ್ಯಾಲೆ ಕೂಡಿಸ್ಕೊಂಡು ಇಲ್ಲಿಗೇ ಕರ್ಕೊಂಡು ಬಂದೀನಿ. ಬಾಜೂಕ ಕುಂತಾರ. ನನ್ ಮಗಳು ಅತ್ಕೋತ ಕುಂತಿರ್ತಾಳ, ಮೊದಲ ಉಣ್ಣು ಅಂತ ಹೇಳು ಅನ್ನಾಕತ್ತಾರ."

ಆಫೀಸು ಅನ್ನುವುದನ್ನೂ ಮರೆತು ಅತ್ತುಬಿಟ್ಟೆ. ಆಮೇಲೆ ಕೆಳಗೆ ಓಡಿ ನಮ್ಮವರಿಗೆ ಹೇಳಿ ಬಂದೆ. ಸಾಹೇಬರಿಗೆ ಆ 'ಕೋಡ್' ಬಿಡಿಸಿ ಹೇಳಿದಾಗ ತಮ್ಮ ಊಟದ ಡಬ್ಬಿ ಬಿಚ್ಚಿ ನನ್ನ ಮುಂದಿಟ್ಟರು.

ಅಷ್ಟರಲ್ಲಿ ಕನ್ಸೋಲ್ ಮೇಲೆ ಒಂದರ ಹಿಂದೊಂದು ಸಂದೇಶಗಳು ಬರತೊಡಗಿದವು. ಆಗಿದ್ದಿಷ್ಟೇ. ಸಂದೇಶ ಯಾರಿಗೆಂದು ಮೊದಲು ಹೆಸರು ಹಾಕಬೇಕು, ಹಾಕದಿದ್ದರೆ ಎಲ್ಲರ ಪರದೆಯ ಮೇಲೂ ಬರುತ್ತದೆ. ಖುಷಿಯಲ್ಲಿ ಬಸವರಾಜ ಅದನ್ನೇ ಮರೆತಿದ್ದ. ಅಪ್ಪ ನನಗೆ ಹೇಳಿದ ಮಾತನ್ನು ಇಡೀ ಬೆಂಗಳೂರು ಆಫೀಸು ಓದಿತ್ತು.

"ಊಟ ಮಾಡಿದ್ರಾ ಮೇಡಂ?" ಅಂತ ಒಬ್ಬರು. "ಅಪ್ಪ ಹೇಳಿದ್ದು ಕೇಳಿ, ಮೊದಲು ಊಟ ಮಾಡಿ" ಅಂತ ಇನ್ನೊಬ್ಬರು. ಬರೆದವರ ಹೆಸರಿಲ್ಲ, ಟರ್ಮಿನಲ್ ನಂಬರ್ ಮಾತ್ರ. ಸಾಹೇಬರ ಡಬ್ಬಿಯ ಚಪಾತಿ ತಿನ್ನುತ್ತಲೇ ನಾನೂ ಹೆಸರು ಹಾಕದೆ ಎಲ್ಲರಿಗೂ ಉತ್ತರ ಕಳಿಸಿದೆ: "ಮಾಡ್ತಿದೀನಿ."

ರೈಲು ದಾರಿ ಸರಿಯಾದ ಮೇಲೆ ಅಪ್ಪ ಬಂದರು, ಈ ಸಲ ಬಸವರಾಜನೇ ಮೀರಜ್‌ವರೆಗೆ ಬಂದು ಗಾಡಿ ಹತ್ತಿಸಿದ. ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಅಪ್ಪ ಈಗಿಲ್ಲ.

ಬೆಂಗಳೂರಿನ ಆ ಜನರನ್ನು ನಾನು ಇಂದಿಗೂ ನೋಡಿಲ್ಲ. ಕಷ್ಟದಲ್ಲಿ ಓಡಾಡಿ ನೆರವಾದವರು ಬದುಕಿನಲ್ಲಿ ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ. ನನ್ನಪ್ಪನಿಗಾಗಿ ತಮ್ಮ ಕೆಲಸ ಬಿಟ್ಟು ಸುಮ್ಮನೆ ಕೈ ಕಟ್ಟಿ ಕೂತವರು ಅವರು ಮಾತ್ರ.